ಮೂಲಿಮನಿ ರಾಚಪ್ಪನ ಟ್ರಾಲಿ

ನನ್ನ ಗಂಡನ ಹೆಸರು ರಾಚಪ್ಪ. ಗಂಡನ ಹೆಸರು ಬಾಯಿಲೆ ಹೇಳಬಾರದು ಅಂತಾರ ನಮ್ಮ ಕಡೆ. ಬರೀಬಾರದು ಅಂತ ಯಾರೂ ಹೇಳಿಲ್ಲ. ಅದಕ್ಕ ಬರದೀನಿ. ನಾ ಸಾಲಿ ಓದಿದ್ದು ನಾಲ್ಕನೇತ್ತಾ ತನಕ. ತಪ್ಪಿದ್ದರ ಇರಲಿ.

ನಮ್ಮ ಊರು ಕಮತಗಿ. ನಮ್ಮ ಮನಿ ಓಣಿ ಮೂಲಿಗೆ ಐತಿ, ಅದಕ್ಕ ಅವರಿಗೆ ಮೂಲಿಮನಿ ರಾಚಪ್ಪ ಅಂತಿದ್ರು. ಸೀರಿ ನೇಯೂ ಕೆಲಸ. ಯಾರ ಮಗ್ಗ ಕೆಟ್ಟರೂ ಇವರನ್ನ ಕರೀತಿದ್ರು. ಇವರು ಹೋಗಿ ಸರಿ ಮಾಡಿ, ಚಾ ಕುಡದು ಬರತಿದ್ರು. ನಮ್ಮ ಮಗ್ಗ ಮಾತ್ರ ಎರಡು ವರ್ಷದಿಂದ ಕುಂಯ್ ಕುಂಯ್ ಅಂತಿತ್ತು. ಈಗೂ ಅಂತೈತಿ.

ಕಬ್ಬಿನ ಹಂಗಾಮಿನ್ಯಾಗ ಟ್ರ್ಯಾಕ್ಟರ್ ಎಲ್ಲಾ ನಮ್ಮ ಮೂಲಿಗೇ ತಿರುಗಿ ಹೊಳ್ಳತಾವು. ಟ್ರ್ಯಾಕ್ಟರ್ ಚೊಲೋ ಹೊಳ್ಳತೈತಿ. ಹಿಂದಿನ ಟ್ರಾಲಿ ಒಳಮಗ್ಗಲಕ್ಕ ಸರಿದು ನಮ್ಮ ಮನಿ ಕಟ್ಟಿಗೆ ಬಡೀತೈತಿ. ಆ ಕಟ್ಟಿ ಮೂರು ಸಲ ಕಟ್ಟಿಸೀವಿ. ಮೂರನೇ ಸಲ ಒಡೆದಾಗ ನಾ ಬಾಗಲಾಗ ನಿಂತು ಡ್ರೈವರನ್ನ ಬೈಯಾಕ ಹತ್ತಿದ್ದೆ. ಇವರು ಹೊರಗ ಬಂದ್ರು. ಇವರೂ ನಾಕು ಮಾತು ಅಂತಾರ ಅಂದ್ಕೊಂಡೆ. ಟ್ರಾಲಿ ಕೆಳಗ ಬಗ್ಗಿ ನೋಡಾಕ ನಿಂತ್ರು.

"ಇವಂದೇನ ತಪ್ಪಿಲ್ಲ ಇಂದ್ರಾ. ಹಿಂದಿನ ಗಾಲಿ ಹೊಳ್ಳೂದ ಇಲ್ಲ. ಅದಾದರೂ ಏನ ಮಾಡೀತು ಪಾಪ?"

"ಕಟ್ಟಿ ಯಾರ ಕಟ್ಟಬೇಕ್ರಿ ಹಂಗಾರ? ಗಾಲಿ ಕಟ್ಟತೈತೇನು?"

ಡ್ರೈವರ್ ನಕ್ಕ. ಇವರು ಅವನಿಗೆ ನನ್ನ ಕೈಲೇ ಚಾ ಮಾಡಿಸಿ ಕುಡಿಸಿದ್ರು.

ಅಲ್ಲಿಂದ ಶುರು ಆತು. ನಮ್ಮ ಮಗಳು ಮಹಾನಂದಾ ಬಾಗಲಕೋಟಿಯೊಳಗ ಇರತಾಳ. ಅವಳ ಮಗಳು ಆಡಿ ಬಿಟ್ಟ ಪ್ಲಾಸ್ಟಿಕ್ ಇಟ್ಟಂಗಿ ಒಂದು ಚೀಲ ನಮ್ಮ ಮನ್ಯಾಗ ಬಿದ್ದಿತ್ತು. ಬೆರಳಿನಷ್ಟು ಇಟ್ಟಂಗಿ. ಒಂದರ ಮ್ಯಾಲೊಂದು ಒತ್ತಿದರ ಟಕ್ ಅಂತ ಕೂಡತಾವು. ಗಾಲಿ, ಹಲ್ಲಿನ ಗಾಲಿ, ಉದ್ದನ ಕಡ್ಡಿ ಎಲ್ಲಾ ಇದ್ದವು. ಇವರು ಚೀಲ ಸುರಕೊಂಡು ಕುಂತ್ರು. ಐವತ್ತೆಂಟು ವರ್ಷದ ಗಂಡಸು.

ಎಂಟು ದಿನಕ್ಕ ಟ್ರ್ಯಾಕ್ಟರ್ ಆತು. ಸ್ಟೇರಿಂಗ್ ತಿರುವಿದರ ಮುಂದಿನ ಗಾಲಿ ಹೊಳ್ಳತಿದ್ದವು. ಟ್ರಾಲಿ ಎರಡು ವರ್ಷ ಆದರೂ ಆಗಲಿಲ್ಲ. ಟ್ರ್ಯಾಕ್ಟರ್ ಬಲಕ್ಕ ಹೊಳ್ಳಿದರ ಟ್ರಾಲಿಯ ಹಿಂದಿನ ಗಾಲಿ ಎಡಕ್ಕ ಹೊಳ್ಳಬೇಕು, ಅಂದರ ಟ್ರಾಲಿ ಟ್ರ್ಯಾಕ್ಟರಿನ ಹೆಜ್ಜಿ ಮ್ಯಾಲೇ ಬರತೈತಿ. ಇದು ಇವರ ವಿಚಾರ. ನನಗ ಇದನ್ನ ನೂರು ಸಲ ಹೇಳ್ಯಾರ. ರೊಟ್ಟಿ ಬಡಿಯೂವಾಗ ಹೇಳ್ಯಾರ, ತಲಿ ಎರಕೊಳ್ಳುವಾಗ ಬಚ್ಚಲ ಬಾಗಲಾಗ ನಿಂತು ಹೇಳ್ಯಾರ.

ನೆಲದ ಮ್ಯಾಲೆ ಸುಣ್ಣದ ಕಡ್ಡಿಲೆ ನಮ್ಮ ಓಣಿ ಬರದಿದ್ರು. ಮನಿ ಕಟ್ಟಿ ಅಂತ ನನ್ನ ಸಾಸಿವಿ ಡಬ್ಬಿ ಇಟ್ಟಿದ್ರು. ಟ್ರಾಲಿ ದಿನಾ ಡಬ್ಬಿಗೆ ಬಡೀತಿತ್ತು. ಒಂದಿನ ಮುಚ್ಚಳ ಹಾರಿ ಸಾಸಿವಿ ಮನಿ ತುಂಬ ಆತು. ಮಗ್ಗದ ಕುಣಿಯೊಳಗಿಂದ ಈಗೂ ಸಾಸಿವಿ ಬರತಾವು.

ಮೊದಲು ಹಲ್ಲಿನ ಗಾಲಿ ಜೋಡಿಸಿದ್ರು. ಮುಂದಿನದು ಹೊಳ್ಳಿದರ ಹಿಂದಿನದಕ್ಕ ಸುದ್ದಿ ಮುಟ್ಟೂದರೊಳಗ ಟ್ರಾಲಿ ಡಬ್ಬಿಗೆ ಬಡದಿರತಿತ್ತು. ಆಮ್ಯಾಲೆ ಉದ್ದನ ಕಡ್ಡಿ ಹಾಕಿದ್ರು. ಅದು ಹೊಳ್ಳೂದು ಬಿಟ್ಟು ತಾನೇ ತಿರುಚಿಕೊಂಡಿತು.

ಪಂಕ್ಚರ್ ಅಂಗಡಿ ಚಾಂದಸಾಬ ಇವರ ದೋಸ್ತ. ಹಳೆ ಟ್ಯೂಬ್ ಕತ್ತರಿಸಿ ಸಣ್ಣ ರಬ್ಬರ್ ಪಟ್ಟಿ ಮಾಡಿ ತಂದು ಕೊಡತಿದ್ದ. ಕೊಟ್ಟು ಸುಮ್ನ ಹೋಗತಿದ್ದಿಲ್ಲ.

"ಲೇ ರಾಚ್ಯಾ, ಇದನ್ನ ಮಾಡೂದರಾಗ ಓಣಿ ಅಗಲ ಮಾಡತಾರಲೇ."

"ಓಣಿ ಅಗಲ ಮಾಡಿದರ ನನ್ನ ಮನೀನ ಹೋಗತೈತಲೇ, ಹುಚ್ಚಾ!"

"ಹೋಗಲಿ ಬಿಡು. ಕಟ್ಟಿ ಚಿಂತಿ ಹೋತಲ್ಲ. ಏನಂತೀರಿ ವೈನಿ?"

ನಾ ಇಬ್ಬರಿಗೂ ಚಾ ಕೊಟ್ಟೆ.

ಕಡೀಕ ಒಂದಿನ ಸಂಜೀಕ ನಾ ಹಾಸು ಕೂಡಸಾಕ ಕುಂತಿದ್ದೆ. ನಮ್ಮ ಸೀರಿಗೆ ಒಡಲಿನ ಹಾಸು, ಅಂದರ ಉದ್ದನ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡರ ಎಳಿಗೂ ಕುಣಿಕಿ ಹಾಕಿ, ಕುಣಿಕ್ಯಾಗ ಕುಣಿಕಿ ಸಿಗಿಸಿ ಕೂಡಸಬೇಕು. ಗಂಟು ಹಾಕಂಗಿಲ್ಲ. ಸಾವಿರಾರು ಎಳಿ. ಇದು ಹೆಣ್ಣಮಕ್ಕಳ ಕೆಲಸ. ನಡುವ ಎದ್ದರ ಎಳಿ ತಪ್ಪತಾವು.

ಇವರು ಒಳಗಿಂದ ಒದರಿದ್ರು. "ಇಂದ್ರಾ! ಹೊಳ್ಳತೈತಿ! ಬಾ ಇಲ್ಲೆ."

"ಹಾಸು ಬಿಟ್ಟು ಬರಾಕ ಆಗಂಗಿಲ್ಲರಿ. ನಾಳೆ ನೋಡತೀನಿ."

"ಏ, ಒಂದ ನಿಮಿಷ ಬಾ."

"ನಿಮ್ಮ ಒಂದ ನಿಮಿಷ ನನಗ ಗೊತ್ತೈತಿ."

ಮರುದಿನ ಮುಂಜಾನೆ ಎದಿ ಹಿಡಕೊಂಡು ಕುಂತ್ರು. ಹುನಗುಂದದ ದವಾಖಾನಿ ಮುಟ್ಟಲಿಲ್ಲ.

ಆ ದಿನಗಳೊಳಗ ಮನಿ ತುಂಬ ಮಂದಿ. ಟ್ರಾಲಿ ನೋಡೂದು ನನಗ ನೆನಪಾಗಿದ್ದು ತಿಂಗಳಾದ ಮ್ಯಾಲೆ. ಓಣಿ ಮ್ಯಾಲೆ ಇಟ್ಟು ನಡಸಿದೆ. ಡಬ್ಬಿಗೆ ಬಡೀತು. ಮತ್ತ ನಡಸಿದೆ. ಮತ್ತ ಬಡೀತು. ಹಿಂದಿನ ಗಾಲಿ ಅಲ್ಲಾಡಲೇ ಇಲ್ಲ.

ಚಾಂದಸಾಬನ್ನ ಕೇಳಿದೆ. ಅಂವ ಆ ಸಂಜೀಕ ಇಳಕಲ್ಲಿಗೆ ಹೋಗಿದ್ದ, ನೋಡಿಲ್ಲ. ನಾದಿನಿ ಪದ್ಮವ್ವನ್ನ ಕೇಳಿದೆ. ಅವಳು, "ಅಣ್ಣ ಸುಮ್ನ ಅಂದಿರತಾನ ವೈನಿ. ನಿಮ್ಮನ್ನ ಕರಿಯಾಕ," ಅಂದಳು.

ಸುಮ್ನ ಅಂದ್ರೋ, ಖರೆ ಹೊಳ್ಳಿತೋ? ನನಗ ಇದೊಂದು ಗೊತ್ತಾಗಬೇಕಿತ್ತು. ಸುಮ್ನ ಅಂದಿದ್ದರ ನಾ ಹೋಗದಿದ್ದದ್ದಕ್ಕ ಏನೂ ಕೆಡಲಿಲ್ಲ. ಖರೆ ಆಗಿದ್ದರ ಎರಡು ವರ್ಷದ ಮ್ಯಾಲೆ ಆದ ಕೆಲಸ ಒಬ್ಬರೂ ನೋಡಲಿಲ್ಲ ಅಂದಂಗ.

ಐದು ತಿಂಗಳಾತು. ಮಹಾನಂದಾ ಫೋನ್ ಮಾಡಿದಳು. "ಅವ್ವಾ, ಇಟ್ಟಂಗಿ ಎಲ್ಲಾ ಬಿಚ್ಚಿ ಚೀಲಕ್ಕ ಹಾಕಿಡು. ರವಿವಾರ ಬಂದು ಒಯ್ಯತೀನಿ. ಇಲ್ಲಿ ನಮ್ಮ ಓಣಿ ಹುಡುಗ್ಯಾರು ಆಡತಾರ."

ಶುಕ್ರವಾರ ಬಿಚ್ಚಾಕ ಕುಂತೆ. ಪದ್ಮವ್ವ ಕಾಳು ಹಸನ ಮಾಡಕೋತ ಎದುರಿಗೆ ಕುಂತಿದ್ದಳು. ಟ್ರಾಲಿ ಬೋರಲು ಹಾಕಿದೆ. ಹೊಟ್ಟಿ ಕೆಳಗ, ಮುಂದಿನ ಅಚ್ಚಿನ ಎಡಗಡೆ ಕರೀ ರೇಶ್ಮಿ ಎಳಿ, ಗೇಣುದ್ದಕ್ಕಿಂತ ಕಡಿಮಿ. ಹಿಂದಿನ ಅಚ್ಚಿನ ಬಲಗಡೆ ಅದೇ ಕರೀ ಎಳಿ, ಬೆಂಕಿಕಡ್ಡಿಯಷ್ಟು. ಎರಡರ ತುದಿಯೂ ಕತ್ತರಿಲೆ ಕತ್ತರಿಸಿದ್ದು, ನೆಟ್ಟಗ.

"ಪದ್ಮವ್ವ, ಇಲ್ಲಿ ದಾರ ಇತ್ತೇನು?"

"ಹೌದರಿ ವೈನಿ. ಅಣ್ಣನ ದಿವಸದ ಕಾರ್ಯದ ಹಿಂದಿನ ದಿನ ಮನಿ ಸ್ವಚ್ಛ ಮಾಡೂವಾಗ ನಾನ ಕತ್ತರಿಸಿದೆ. ಎಳಿ ಜೋತಾಡಾಕ ಹತ್ತಿತ್ತು."

ಅವಳಿಗೆ ಏನಂತ ಬೈಯಲಿ? ನೇಕಾರರ ಮನಿ ಹೆಣ್ಣಮಕ್ಕಳು ನಾವು. ಜೋತಾಡೋ ಎಳಿ ಕಂಡರ ಕೈ ತಾನೇ ಕತ್ತರಿಗೆ ಹೋಗತೈತಿ. ಮದವಿ ಮನ್ಯಾಗ ಕುಂತರೂ ಮಂದಿ ಸೆರಗಿನ ಎಳಿ ಕತ್ತರಸ್ತೀವಿ. ಆದರೂ ಬೈದೆ.

"ಏನ ಕಂಡರೂ ಕತ್ತರಸೂದ? ನಿನ್ನ ಮೂಗಿನ್ಯಾಗಿನ ಕೂದಲಾ ಕತ್ತರಸ್ಕೊ!"

"ನನಗೇನ ಗೊತ್ತರಿ, ಬಂಡಿಗೆ ದಾರ ಕಟ್ಟತಾರಂತ!" ಅಂದು ಕಾಳಿನ ಮೊರ ಕೆಳಗಿಟ್ಟು ಅಳಾಕ ಶುರು ಮಾಡಿದಳು. ಈಗ ಅವಳನ್ನೂ ಸಮಾಧಾನ ಮಾಡಬೇಕು.

ನಾ ಮಗ್ಗದ ಗೂಟದಿಂದ ಕರೀ ರೇಶ್ಮಿ ತಂದೆ. ಗಂಟು ಹಾಕಿದರ ಗಂಟು ಇಟ್ಟಂಗಿ ಸಂದಿನ್ಯಾಗ ಸಿಗತಿತ್ತು. ಅವರೂ ಗಂಟು ಹಾಕಿರಲಿಲ್ಲ. ಉಳಿದ ತುಂಡಿನ ಬುಡದಾಗ ನೋಡಿದರ ಕುಣಿಕಿ! ನಾ ಹಾಸಿನ ಎಳಿಗೆ ಹಾಕೂ ಕುಣಿಕಿ. ಒರಟು, ಗಂಡಸಿನ ಕೈದು, ಆದರ ಅದೇ. ಯಾವಾಗ ನೋಡಿ ಕಲತಿದ್ರೋ. ನನ್ನ ಕೈ ನೋಡತಾರ ಅಂತ ನನಗ ಗೊತ್ತಿದ್ದಿಲ್ಲ.

ಮುಂದಿನ ಎಡಕ್ಕ ಒಂದು ಕುಣಿಕಿ, ಹಿಂದಿನ ಬಲಕ್ಕ ಒಂದು, ನಡುವ ಅಡ್ಡ ಎಳದು ಕೂಡಿಸಿದೆ. ಹೊಳ್ಳಿದ ಗಾಲಿ ಮತ್ತ ನೆಟ್ಟಗ ಮಾಡೋ ರಬ್ಬರ್ ಪಟ್ಟಿ ಇದ್ದಲ್ಲೇ ಇತ್ತು. ಸಾಸಿವಿ ಡಬ್ಬಿ ತಂದಿಟ್ಟೆ. ಟ್ರ್ಯಾಕ್ಟರ್ ಬಲಕ್ಕ ಹೊಳ್ಳಿಸಿದೆ. ಮುಂದಿನ ಅಚ್ಚು ದಾರ ಎಳೀತು, ಹಿಂದಿನ ಗಾಲಿ ಎಡಕ್ಕ ಹೊಳ್ಳಿದವು. ಟ್ರಾಲಿ ಡಬ್ಬಿ ಮಗ್ಗಲಿಂದ ಹೋತು. ಬಡೀಲಿಲ್ಲ.

ಪದ್ಮವ್ವ ಅಳೂದು ಬಿಟ್ಟಳು. "ಹೊಳ್ಳಿತರಿ ವೈನಿ!"

ಮತ್ತೊಮ್ಮೆ ಬಲಕ್ಕ. ಮತ್ತ ಹೊಳ್ಳಿತು. ಆಮ್ಯಾಲೆ ಎದುರು ದಿಕ್ಕಿನಿಂದ ತಂದು ಎಡಕ್ಕ ಹೊಳ್ಳಿಸಿದೆ. ಟಣ್ ಅಂತ ಡಬ್ಬಿಗೆ ಬಡೀತು.

ಬೋರಲು ಹಾಕಿ ನೋಡಿದೆ. ದಾರ ಎಳೀತೈತಿ, ದೂಡಂಗಿಲ್ಲ. ಎಡಕ್ಕ ಹೊಳ್ಳಾಕ ಇನ್ನೊಂದು ದಾರ ಬೇಕು. ಅದಕ್ಕ ತೂತು ಇತ್ತು, ದಾರ ಹಾಕಿರಲಿಲ್ಲ. ಒಂದು ಮಗ್ಗಲ ಆದ ಕೂಡಲೇ ನನ್ನ ಕರದಾರ. ಮಗ್ಗ ರಿಪೇರಿನೂ ಹಿಂಗ ಮಾಡತಿದ್ರು. ಕಾಲಿಲೆ ತುಳಿಯೋ ಒಂದು ಮೆಟ್ಟು ಸರಿ ಆತಂದರ ಚಾ ಕೇಳತಿದ್ರು.

ಸಂಜೀಕ ಚಾಂದಸಾಬ ಬಂದ. ನೋಡಿದ. ಎರಡೂ ಕಡೆ ಹೊಳ್ಳಿಸಿದ. "ತುಂಬಿದ ಗಾಡಿ ಬಲಕ್ಕ ಹೊಳ್ಳತಾವ್ರಿ ವೈನಿ ನಿಮ್ಮ ಮೂಲಿಗೆ. ಅದನ್ನ ಮೊದಲ ಮಾಡ್ಯಾನ," ಅಂದ. ಕಣ್ಣು ಒರಸಿಕೊಂಡ. ಅವನಿಗೂ ಚಾ ಮಾಡಿದೆ.

ಮಹಾನಂದಾಗ ಫೋನ್ ಮಾಡಿ ರವಿವಾರ ಬರಬ್ಯಾಡ ಅಂದೆ. ಉಳಿದ ಇಟ್ಟಂಗಿ ಮುಂದ ಯಾವಾಗರ ಒಯ್ಯಿ, ಇದನ್ನ ಬಿಚ್ಚಂಗಿಲ್ಲ ಅಂದೆ. ಅವಳು ಯಾಕ ಅಂತ ಕೇಳಿದಳು. ಅಪ್ಪನ ಮಗಳು, ಹೇಳಿದರ ಒಂದು ತಾಸು ಕೇಳತಾಳ. ಹೇಳಲಿಲ್ಲ.

ಎಡದ ದಾರ ಇನ್ನೂ ಹಾಕಿಲ್ಲ. ಹಾಕಾಕ ಹತ್ತು ನಿಮಿಷದ ಕೆಲಸ. ಮುಂಜಾನೆ ಹಾಸು ಕೂಡಸಾಕ ಕುಂತಾಗ ಗೋಡಿ ಗೂಡಿನ್ಯಾಗ ಇಟ್ಟ ಟ್ರಾಲಿ ಎದುರಿಗೆ ಕಾಣತೈತಿ. ದಿನಾ ಅದನ್ನ ನೋಡಿ ಇವರಿಗೆ ಒಂದು ಮಾತು ಕೇಳತೀನಿ.

"ಒಂದ ಮಗ್ಗಲಕ್ಕ ಹೊಳ್ಳತೈತಿ ಅಂತ ಹೇಳಾಕ ನಿಮಗ ಏನಾಗಿತ್ತರಿ?"