ಅಕ್ಕನ ಗುಳಿಗೆ ಡಬ್ಬಿ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಶಿವಲೀಲಾಳೇ ಎಚ್‌ಐವಿ ಇರುವ ಅಕ್ಕನಿಗೆ ತಿಂಗಳು ತಿಂಗಳು ಗುಳಿಗೆ ತಂದುಕೊಡುವವಳು. ಕೊರೊನಾ ಮೊದಲು ಬಂದ ವರ್ಷ ಶಿವಲೀಲಾಳ ಗಂಡ ರಂಗನಾಥ ಅದೇ ರೋಗ ತಗುಲಿ ಆಸ್ಪತ್ರೆ ಸೇರಿದ. ವಿಡಿಯೊ ಕಾಲ್ ಮಾಡಿದಾಗ ಅವನ ತಲೆದೆಸೆಯಲ್ಲಿ ಕಂಡದ್ದು ಅಕ್ಕ ನುಂಗುವಂಥದೇ ಗುಳಿಗೆ ಡಬ್ಬಿ.

“ಈ ರೋಗಾನ ನನಗ ಮುಚ್ಚಿಟ್ರೇನ್ರಿ?”

ಅವನು ಬಾಯಿ ತೆರೆಯುವ ಮೊದಲೇ ಫೋನ್ ಕುಕ್ಕಿದಳು. ಆಮೇಲೆ ಅವನೆಷ್ಟು ಸಲ ಮಾಡಿದರೂ ಎತ್ತಲಿಲ್ಲ. ಆ ವಾರವೇ ಅವನು ತೀರಿಹೋದ.

“ಅವರಿಗೆ ಎಚ್‌ಐವಿ ಎಲ್ಲಿತ್ತಮ್ಮಾ?” ಎಂದರು ಡಾಕ್ಟರು. “ವೈರಸ್ ಬೆಳೀಲಿಕ್ಕೆ ಒಂದು ಎಂಜೈಮ್ ಬೇಕು. ಈ ಗುಳಿಗೆ ಅದರ ಕೈ ಕಟ್ಟಿಹಾಕ್ತದೆ. ಕೊರೊನಾನೂ ತಡೀತದೇನೋ ಅಂತ ಕೊಟ್ಟು ನೋಡಿದ್ವಿ. ತಡೀಲಿಲ್ಲ.”

ಈಗಲೂ ಗುಳಿಗೆ ತರುವವಳು ಅವಳೇ. ಡಬ್ಬಿ ಕೊಡುವಾಗ ಮಾತ್ರ ಮುಖ ತಿರುಗಿಸುತ್ತಾಳೆ. ತಂಗಿಯೂ ತನ್ನ ರೋಗಕ್ಕೆ ಹೇಸತೊಡಗಿದಳೆಂದು ಅಕ್ಕ ಅಳುತ್ತಾಳೆ. ಶಿವಲೀಲಾಳಿಗೋ ಆ ಡಬ್ಬಿ ಕಂಡಾಗಲೆಲ್ಲ ತಾನು ಎತ್ತದೆ ಬಿಟ್ಟ ಗಂಡನ ಕರೆಗಳೇ ನೆನಪಾಗುತ್ತವೆ.