ಹೂಂ ಅನ್ನುವವರ ಊರಿನಿಂದ

ಸವಣೂರು ಸೀಮೆಗೆ ಬಂದ ಮೊದಲ ಭಾನುವಾರ. ನಾನು ಬೈಬಲ್ ತೆರೆದು, ಗಂಟಲು ಸರಿಮಾಡಿಕೊಂಡು, “ಒಂದು ಊರಿನಲ್ಲಿ ಒಬ್ಬ ಬಡ ವಿಧವೆ ಇದ್ದಳು” ಎಂದೆ. ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಗಟ್ಟಿಯಾಗಿ, “ಹೂಂ. ಮುಂದ?” ಎಂದಳು.

ನನ್ನ ಮುಂದಿನ ವಾಕ್ಯ ಹಾರಿಹೋಯಿತು. ಹೇಗೋ ಹುಡುಕಿ ಹಿಡಿದು ಹೇಳಿದೆ. ಈ ಸಲ ಐದಾರು ಜನ ಒಟ್ಟಿಗೆ “ಹೌದ್ರಿ” ಎಂದರು. ಹಿಂದೆ ಗೋಡೆಗೆ ಒರಗಿದ್ದ ಗಂಡಸೊಬ್ಬ, ಆ ವಿಧವೆಗೆ ಹೊಲ ಗಿಲ ಏನಾದರೂ ಇತ್ತೇ ಎಂದು ವಿಚಾರಿಸಿದ. ನಮ್ಮ ಕರಾವಳಿಯ ದೇವಾಲಯದಲ್ಲಿ ಬೋಧನೆಯ ನಡುವೆ ಕೆಮ್ಮು ಬಂದರೂ ಕರವಸ್ತ್ರದೊಳಗೇ ಮುಗಿಸಿಕೊಳ್ಳುವವರು ನಾವು. ಇಲ್ಲಿ ನೋಡಿದರೆ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದಂತಿತ್ತು. ಆ ದಿನ ಹೇಗೆ ಮುಗಿಸಿದೆನೋ ದೇವರೇ ಬಲ್ಲ.

ನಮ್ಮೂರ ಸಭೆಯ ಪ್ರಿಯರೇ, ನಿಮ್ಮಲ್ಲಿ ಹಲವರಿಗೆ ನನ್ನ ಸಂಗತಿ ಗೊತ್ತಿದೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓದು ಮುಗಿಸಿ ಬೋಧಕನಾಗಬೇಕು ಎನ್ನುವಷ್ಟರಲ್ಲಿ ನನಗೆ ಕ್ಷಯ ಬಂತು. ಎರಡು ವರ್ಷ ಆರೋಗ್ಯಧಾಮದಲ್ಲಿ ಮಲಗಿದೆ. ರೋಗ ಹೋಯಿತು, ಹೋಗುವಾಗ ಎಡಗಡೆಯ ಪುಪ್ಪುಸವನ್ನು, ಅಂದರೆ ಶ್ವಾಸಕೋಶವನ್ನು ಕೂಡ ತೆಗೆದುಕೊಂಡು ಹೋಯಿತು ಅನ್ನಿ. ಒಂದು ಉದ್ದದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಲಾರೆ. ಮದುವೆಗೆ ಗೊತ್ತಾಗಿದ್ದ ಹೆಣ್ಣಿನ ಮನೆಯವರು ಮಾತು ಹಿಂದಕ್ಕೆ ಪಡೆದರು. ನಮ್ಮ ಹಿರಿಯ ಅಯ್ಯನವರು ಕನಿಕರದಿಂದ, ಊರಲ್ಲೇ ಇದ್ದು ಸಭೆಯ ಮುದ್ರಣಾಲಯದಲ್ಲಿ ಕರಡು ತಿದ್ದಿಕೊಂಡಿರು ಎಂದರು. ನಾನು ಹಟ ಮಾಡಿದೆ. ಬೋಧಿಸುವುದಕ್ಕೆಂದು ಕರೆದ ದೇವರು ಉಸಿರು ಕೊಡದೆ ಬಿಡುತ್ತಾನೆಯೇ ಎಂದು ದೊಡ್ಡ ಮಾತಾಡಿದೆ. ಸರಿ, ಒಂದು ವರ್ಷ ನೋಡೋಣ ಎಂದು ಅವರು ನನ್ನನ್ನು ಘಟ್ಟದ ಮೇಲಕ್ಕೆ ಕಳಿಸಿದರು.

ಯಲವಿಗಿ ಸ್ಟೇಷನ್ನಿನಲ್ಲಿ ಇಳಿದಾಗ ಗೋಡೆಗಳ ಮೇಲೆ ತುರ್ತು ಪರಿಸ್ಥಿತಿಯ ಘೋಷಣೆಗಳು ಇನ್ನೂ ಹೊಸದಾಗಿದ್ದವು. ನನ್ನ ಪಾಲಿಗೆ ಬಂದದ್ದು ಸವಣೂರು, ಶಿಗ್ಗಾಂವ, ಹಾನಗಲ್ಲು, ಹಿರೇಕೆರೂರು ತಾಲ್ಲೂಕುಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಚದುರಿದ್ದ ನಮ್ಮ ಕ್ರೈಸ್ತ ಕುಟುಂಬಗಳು. ನಾಲ್ಕು ತಾಲ್ಲೂಕಿಗೆ ಒಬ್ಬ ಬೋಧಕ, ಆ ಬೋಧಕನಿಗೆ ಒಂದು ಪುಪ್ಪುಸ! ಭಾನುವಾರದ ಆರಾಧನೆ ಮಾತ್ರ ಸವಣೂರಿನಿಂದ ಒಂದು ಹರದಾರಿ ದೂರದ ಹಳ್ಳಿಯಲ್ಲಿ. ಹರದಾರಿ ಎಂದರೆ ಸುಮಾರು ಮೂರು ಮೈಲಿ. ಯಾರಾದರೂ ಚಕ್ಕಡಿಯಲ್ಲಿ ಕರೆದೊಯ್ಯುತ್ತಿದ್ದರು.

ನನಗೆ ಸಿಕ್ಕ ಕೋಣೆ ಸವಣೂರಿನಲ್ಲಿ, ಹಳೆಯ ಮಸೀದಿಯ ಹಿಂದೆ, ಹುಸೇನಬಿ ಎಂಬ ವಿಧವೆಯ ಮನೆಯಲ್ಲಿ. ಆಕೆಯದು ಖಾರಾ ಮಾಡಿ ಮಾರುವ ಮನೆ. ಖಾರಾ ಎಂದರೆ ಇಲ್ಲಿ ಮೆಣಸಿನ ಪುಡಿಯಲ್ಲ, ಕಡಲೆಹಿಟ್ಟಿನ ಕರಿದ ತಿಂಡಿ. ಊರೆಲ್ಲ ಅದರ ವಾಸನೆಗೆ ಬಾಯಲ್ಲಿ ನೀರೂರಿಸಿಕೊಂಡರೆ ನಾನೊಬ್ಬ ಕಿಟಕಿ ಮುಚ್ಚಿಕೊಂಡು ಕೆಮ್ಮುತ್ತಿದ್ದೆ. ಉಬ್ಬಸ ಇದೆಯೇ ಎಂದು ಹುಸೇನಬಿ ನೇರವಾಗಿಯೇ ಕೇಳಿದಳು. ಇಲ್ಲ, ನೆಗಡಿ ಎಂದೆ. ಬೋಧಕ ಹೇಳಬಾರದ ಸುಳ್ಳು, ಆದರೆ ಕ್ಷಯದ ಹೆಸರೆತ್ತಿದರೆ ಕೋಣೆ ಹೋಗುತ್ತದೆ ಎಂಬ ಭಯ. ಆಕೆ ನಂಬಲಿಲ್ಲ. ಮರುದಿನದಿಂದ ಬಾಣಲೆಯನ್ನು ಹಿತ್ತಲಿನ ಆ ತುದಿಗೆ ಒಯ್ದಳು.

ಊರಲ್ಲಿ ನಮಗೆ ಗಾಳಿಯೆಂದರೆ ಉಪ್ಪಿನ ಗಾಳಿ. ಇಲ್ಲಿಯದು ಒಣ ಗಾಳಿ, ಎರೆಮಣ್ಣಿನ ಧೂಳು ಹೊತ್ತು ಬರುತ್ತದೆ. ಅಲ್ಲಿ ಗಂಜಿ, ಮೀನು. ಇಲ್ಲಿ ಜೋಳದ ರೊಟ್ಟಿ, ಮೊದಮೊದಲು ನನ್ನ ದವಡೆ ನೋಯುತ್ತಿತ್ತು. “ಉಂಟು” ಎಂದರೆ ಅಂಗಡಿಯವನು ಇನ್ನೊಮ್ಮೆ ಹೇಳಿಸಿ ನಗುತ್ತಿದ್ದ. ಜನ ಒಳ್ಳೆಯವರೇ. ಬಸ್ಸಿನಲ್ಲಿ ಪಕ್ಕ ಕುಳಿತವರು ಎಲೆ ಅಡಿಕೆ ಕೊಟ್ಟು ಹೆಂಡತಿ ಮಕ್ಕಳ ವಿಚಾರ ಕೇಳುತ್ತಿದ್ದರು. ಇಲ್ಲ ಎಂದರೆ ಅಯ್ಯೋ ಎನ್ನುತ್ತಿದ್ದರು. ಆ ಅಯ್ಯೋ ಕೇಳಿ ಕೇಳಿ ನನಗೆ ಸಾಕಾಗಿತ್ತು. ಒಮ್ಮೆ ಹಾನಗಲ್ಲಿಗೆ ಹೋಗುವಾಗ ಬಸ್ಸು ಆಡೂರಿನ ಹತ್ತಿರ ಕೆಟ್ಟು ನಿಂತಿತು. ಉಳಿದವರೆಲ್ಲ ಇಳಿದು ಬುತ್ತಿ ಬಿಚ್ಚಿ ಒಬ್ಬರಿಗೊಬ್ಬರು ಹಂಚಿಕೊಂಡು ಉಂಡರು. ನನ್ನನ್ನೂ ಕರೆದರು. ಹಸಿವಿಲ್ಲ ಎಂದು ಮರದ ಕೆಳಗೆ ಹೋಗಿ ಕುಳಿತೆ, ಹಸಿದಿದ್ದೆ. ಬೇಸರ ಎನ್ನುವುದು ಹಾಗೆ, ಕರೆದರೂ ಎದ್ದು ಬರಲು ಬಿಡುವುದಿಲ್ಲ.

ಇನ್ನು ಆ ಹೂಂಕಾರದ ವಿಷಯ. ಮೂರು ವಾರ ತಡೆದುಕೊಂಡೆ. ಅವರು ನಡುವೆ ಬಾಯಿ ಹಾಕಿದಾಗಲೆಲ್ಲ ನನ್ನ ಲೆಕ್ಕಾಚಾರ ತಪ್ಪುತ್ತಿತ್ತು. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಪುಸ್ತಕ ನೋಡುವ ನೆಪದಲ್ಲಿ ನಿಲ್ಲಬೇಕು ಎಂದು ಕೋಣೆಯಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದೆ. ಜೊತೆಗೆ, ಇವರು ನನ್ನನ್ನು ಹಾಸ್ಯ ಮಾಡುತ್ತಿದ್ದಾರೆ ಎಂದೂ ಅನಿಸಿತ್ತು. ನಾಲ್ಕನೆಯ ಭಾನುವಾರ ಸ್ವಲ್ಪ ಬಿರುಸಾಗಿಯೇ ಹೇಳಿದೆ: ಇದು ದೇವರ ಮನೆ, ಬೋಧನೆಯ ಹೊತ್ತಿಗೆ ಯಾರೂ ತುಟಿ ಬಿಚ್ಚಬಾರದು.

ಬಿಚ್ಚಲಿಲ್ಲ. ಅಬ್ಬಾ, ಎಂಥ ಮೌನ! ಬೇಕೆಂದು ಕೇಳಿದ್ದು ಸಿಕ್ಕಿತು, ಸಿಕ್ಕಿದ್ದು ನನ್ನ ಎದೆಯ ಮೇಲೇ ಕುಳಿತಿತು. ನಲವತ್ತು ಜನ ನೆಲ ನೋಡುತ್ತಾ ಕುಳಿತಿರುತ್ತಿದ್ದರು, ನಾನು ಏದುಸಿರು ಬಿಡುವುದು ನನಗೇ ಕೇಳುತ್ತಿತ್ತು. ನಲವತ್ತು ಇದ್ದದ್ದು ಮೂವತ್ತಾಯಿತು, ಸುಗ್ಗಿಯ ಹೊತ್ತಿಗೆ ಹನ್ನೆರಡಾಯಿತು. ಮೊದಲ ದಿನ “ಮುಂದ?” ಎಂದಿದ್ದ ಮುದುಕಿ ಶಾಂತವ್ವ ಕೂಡ ಬರುವುದು ಬಿಟ್ಟಳು. ನಾನು ಪ್ರಾರ್ಥಿಸಿದೆ. ದೇವರೇ ಉಸಿರು ಕೊಡು, ಇನ್ನೊಂದು ಪುಪ್ಪುಸ ಕೊಡು ಎಂದು ಮಕ್ಕಳ ಹಾಗೆ ಬೇಡಿದೆ. ಅವನೂ ತುಟಿ ಬಿಚ್ಚಲಿಲ್ಲ.

ಕಡೆಗೆ ಹಿರಿಯ ಅಯ್ಯನವರಿಗೆ ಕಾಗದ ಬರೆದೆ. ನನ್ನಿಂದ ಆಗುವುದಿಲ್ಲ, ಕರಡು ತಿದ್ದುವ ಕೆಲಸ ಖಾಲಿ ಇದ್ದರೆ ಬರುತ್ತೇನೆ ಎಂದೆ. ವಾರದೊಳಗೆ ಉತ್ತರ ಬಂತು. ಕೆಲಸ ಇದೆ, ಮುಂದಿನ ತಿಂಗಳ ಮೊದಲ ಭಾನುವಾರ ನಾನೇ ಬರುತ್ತೇನೆ, ನಿನ್ನ ಕಡೆಯ ಬೋಧನೆ ಕೇಳಿ ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇನೆ, ನಿನ್ನ ತಾಯಿಗೂ ತಿಳಿಸಿದ್ದೇನೆ ಎಂದಿತ್ತು. ಅದನ್ನು ಓದಿ ಅತ್ತೆ. ಅಮ್ಮನನ್ನು ನೋಡುವ ಸಂತೋಷಕ್ಕೋ ಸೋತ ನಾಚಿಕೆಗೋ ಈಗ ಬಿಡಿಸಿ ಹೇಳಲಾರೆ.

ಹೋಗುವ ಮುಂಚೆ ಮನೆಮನೆಗೆ ಹೇಳಿ ಬರಬೇಕಲ್ಲ. ಮಧ್ಯಾಹ್ನದ ಹೊತ್ತು ಶಾಂತವ್ವನ ಮನೆಗೆ ಹೋದೆ. ಅಂಗಳದಲ್ಲಿ ಶೇಂಗಾ ರಾಶಿ, ಏಳೆಂಟು ಹೆಂಗಸರು ಸುತ್ತ ಕುಳಿತು ಬೀಜಕ್ಕೆಂದು ಕಾಯಿ ಒಡೆಯುತ್ತಿದ್ದರು. ಶಾಂತವ್ವ ಕಥೆ ಹೇಳುತ್ತಿದ್ದಳು. ಒಬ್ಬಾಕೆ ಪ್ರತಿ ಮಾತಿಗೂ ಹೂಂ ಅನ್ನುತ್ತಿದ್ದಳು, ಅದೇ ಅವಳ ಕೆಲಸ. ಶಾಂತವ್ವ ನೀರು ಕುಡಿಯಲು ನಿಂತರೆ ಇನ್ನೊಬ್ಬಾಕೆ ಅಲ್ಲಿಯವರೆಗಿನದನ್ನು ತನ್ನ ಮಾತಿನಲ್ಲಿ ಮತ್ತೊಮ್ಮೆ ಹೇಳಿ ಕಥೆಯನ್ನು ಹಿಡಿದಿಟ್ಟುಕೊಳ್ಳುತ್ತಿದ್ದಳು. ಯಾರಿಗೂ ಅವಸರವಿರಲಿಲ್ಲ, ಕೈಗಳೂ ನಿಲ್ಲಲಿಲ್ಲ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ನನ್ನನ್ನು ಕಂಡು ಅವಳು ಸೆರಗು ಕೊಡವಿ ಎದ್ದಳು, ಕಂಬಳಿ ಹಾಸಿದಳು. ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ನನ್ನೆದುರಿಗೆ ಕುಳಿತು ಹೇಳಿದಳು:

“ಸಿಟ್ಟಾಗಬ್ಯಾಡ್ರಿ ಅಯ್ನೋರ. ಹೂಂ ಅನಬ್ಯಾಡ್ರಿ ಅಂದ್ರಿ ನೀವು. ನಮ್ಮ ಕಡೆ ಕಥಿ ಬ್ಯಾಸರಾದ್ರ ಹೂಂ ಅನ್ನೂದು ಬಿಡ್ತೇವ್ರಿ, ಹೇಳಾಂವ ತಿಳ್ಕೊಂಡು ಎದ್ದು ಹೋಗ್ತಾನ. ನೀವ್ ಹೋಗಲಿಲ್ಲ. ದೇವರ ಮಾತಿಗೆ ಹೂಂ ಅನಲಾರದ ಕೂತ್ರ ಹೆಣದ ಮುಂದ ಕೂತಂಗ ಆಕ್ಕೈತ್ರಿ.”

ಅಂದರೆ ವಾರ ವಾರವೂ ನಾನೇ ಹೇಳಿ ಇವರಿಂದ ಎದ್ದು ಹೋಗು ಅನ್ನಿಸಿಕೊಳ್ಳುತ್ತಿದ್ದೆ! ಆಗ, ಹುಸೇನಬಿಯಿಂದ ಮುಚ್ಚಿಟ್ಟದ್ದನ್ನು, ಆ ಹೆಂಗಸರೆಲ್ಲರ ಎದುರಿಗೆ ಹೇಳಿಬಿಟ್ಟೆ. ಕ್ಷಯ ಬಂದದ್ದು, ವಾಸಿಯಾದದ್ದು, ಒಂದೇ ಪುಪ್ಪುಸ ಉಳಿದದ್ದು, ನಡುವೆ ಯಾರಾದರೂ ಮಾತಾಡಿದರೆ ಉಸಿರಿನ ಎಣಿಕೆ ತಪ್ಪುವುದು, ಇನ್ನೆರಡು ವಾರಕ್ಕೆ ಊರಿಗೆ ಹೋಗುವುದು. ಯಾರೂ ಹಿಂದೆ ಸರಿಯಲಿಲ್ಲ. ಒಬ್ಬಾಕೆ ಬೊಗಸೆ ತುಂಬ ಶೇಂಗಾ ತಂದು ನನ್ನ ಮುಂದೆ ಇಟ್ಟಳು. ಶಾಂತವ್ವ ಮಾತ್ರ ರೇಗಿದಳು.

“ಹಂಗಂದ್ರ ಮೊದಲ ಹೇಳಬೇಕಿಲ್ಲೇನ್ರಿ? ದಮ್ಮ ಇದ್ದಾಂವ ಒಬ್ಬನ ಹೇಳಿಕೋತ ಹೋಗ್ತಾನ. ದಮ್ಮ ಇಲ್ಲದಾವಂಗನ ಹೂಂ ಬೇಕ್ರಿ. ನೀವ್ ಅರ್ಧಾ ಹೇಳ್ರಿ. ನೀವ್ ಉಸರ ತಗೊಳ್ಳೂತನ ಕಥಿ ನಾವ್ ಹಿಡಕೊಂಡಿರ್ತೇವಿ.”

ಹಿರಿಯ ಅಯ್ಯನವರು ಹೇಳಿದ ಭಾನುವಾರ ಬಂದರು. ನನ್ನ ಟ್ರಂಕು ಕಟ್ಟಿ ಆಗಿತ್ತು. ಸುದ್ದಿ ಹಬ್ಬಿ ನಮ್ಮ ಜನ ಎಲ್ಲರೂ ನೆರೆದಿದ್ದರು, ಶಿಗ್ಗಾಂವ ಕಡೆಯಿಂದಲೂ ಬಂದಿದ್ದರು. ನಾನು ಪಾರ್ಶ್ವವಾಯು ಬಡಿದವನ ಕಥೆ ತೆಗೆದುಕೊಂಡೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ನಾಲ್ವರು ಅವನನ್ನು ಮನೆಯ ಚಾವಣಿ ಹತ್ತಿಸಿ, ಮಾಡು ಒಡೆದು, ಒಳಗೆ ಗುಣಪಡಿಸುವ ಕರ್ತನ ಮುಂದೆ ಇಳಿಸಿದ ಕಥೆ. ಹೆಂಚಿನ ಮನೆಯವನಾದ ನನಗೆ ಚಿಕ್ಕಂದಿನಿಂದಲೂ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಜಾರು ಹೆಂಚಿನ ಮೇಲೆ ರೋಗಿಯನ್ನು ಹೊತ್ತು ನಿಲ್ಲುವುದು ಹೇಗೆ? ನಾಲ್ವರು ಮೇಲೆ ಹತ್ತಿದರು ಎನ್ನುವಷ್ಟಕ್ಕೆ ನನ್ನ ಉಸಿರು ಮುಗಿಯಿತು. ಪುಸ್ತಕ ನೋಡುವ ನೆಪ ಮಾಡಲಿಲ್ಲ, ಸುಮ್ಮನೆ ನಿಂತೆ.

“ಹೂಂ” ಎಂದಳು ಶಾಂತವ್ವ. ಆಮೇಲೆ ಹಿಂದಿನವರ ಕಡೆ ತಿರುಗಿ ಬಿಡಿಸಿ ಹೇಳತೊಡಗಿದಳು. ಅದು ಸಪಾಟಾದ ಮಣ್ಣಿನ ಮಾಳಿಗೆ, ಈ ಊರಿನ ಮನೆಗಳಂಥದೇ. ಮೇಲುಮುದ್ದೆಯ ಮಣ್ಣು ಅಗೆದಿದ್ದಾರೆ, ಬೆಳಕಿಂಡಿ ಅಗಲ ಮಾಡಿದ್ದಾರೆ, ಕೆಳಗಿದ್ದವರ ತಲೆಯ ಮೇಲೆ ಮಣ್ಣು ಬಿದ್ದಿರಲೇಬೇಕು. ಗೋಡೆಗೆ ಒರಗಿದ್ದವನು, ಮಳೆಗಾಲದ ಮುಂಚೆ ಅದನ್ನು ಮತ್ತೆ ಮೆತ್ತಿಕೊಟ್ಟರೋ ಇಲ್ಲವೋ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವಷ್ಟು ಉಸಿರು ನನ್ನಲ್ಲಿ ಇದ್ದದ್ದು ನನಗೇ ಆಶ್ಚರ್ಯ. ಅಲ್ಲಿಂದ ಮುಂದೆ ಹಾಗೆಯೇ ನಡೆಯಿತು. ನಾನು ಅರ್ಧ, ಅವರು ಅರ್ಧ. ಬಾಳಿನಲ್ಲಿ ಮೊದಲ ಸಲ ಮುಕ್ಕಾಲು ಗಂಟೆ ಬೋಧಿಸಿದೆ, ಎದೆ ನೋಯಲಿಲ್ಲ. ನಾನು ಬೇಡಿದ್ದು ಒಂದು ಪುಪ್ಪುಸ. ದೇವರು ಕೊಟ್ಟದ್ದು ಬೇರೆ ಥರ, ನಾನೇ ಬಾಯಿ ಮುಚ್ಚಿಸಿ ಕೂರಿಸಿದ್ದ ಜನರ ಕೈಯಲ್ಲಿ ಕೊಟ್ಟಿದ್ದ.

ಹೊರಗೆ ಬಂದ ಮೇಲೆ ಹಿರಿಯ ಅಯ್ಯನವರು ಇದು ಆರಾಧನೆಯೋ ಪಂಚಾಯಿತಿಯೋ ಎಂದು ಗೊಣಗಿದರು. ಚಕ್ಕಡಿ ಬಂದು ನಿಂತಾಗ ಮೆಲ್ಲಗೆ ಹೇಳಿದರು: “ನಾನು ಮೂವತ್ತು ವರ್ಷ ಬೋಧಿಸಿದ್ದೇನೆ. ಎದುರಿಗಿರುವವರು ಕೇಳುತ್ತಿದ್ದಾರೋ ಇಲ್ಲವೋ, ನನಗೆ ಒಂದು ದಿನವೂ ಗೊತ್ತಾಗಿಲ್ಲ. ನೀನು ಬರುತ್ತೀಯೋ, ಇರುತ್ತೀಯೋ?”

ಇರುತ್ತೇನೆ ಎಂದೆ. ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ. ಯಲವಿಗಿಯವರೆಗೆ ಹೋಗಿ ಅವರನ್ನು ರೈಲು ಹತ್ತಿಸಿ, ಖಾಲಿ ಪ್ಲಾಟ್‌ಫಾರಂ ಮೇಲೆ ನಿಂತು, ಅಮ್ಮ ಅಡುಗೆ ಮಾಡಿಟ್ಟು ಕಾಯುತ್ತಾಳಲ್ಲ ಎಂದುಕೊಂಡೆ. ಅಂದು ಹತ್ತದೆ ಬಿಟ್ಟ ರೈಲನ್ನು ಹತ್ತು ವರ್ಷದಲ್ಲಿ ಎಷ್ಟು ಸಲ ನೆನೆದಿದ್ದೇನೋ! ಭಾನುವಾರ ಮಧ್ಯಾಹ್ನದವರೆಗೆ ನಾನು ಇಲ್ಲಿಯವನು. ಸಂಜೆ ಕೋಣೆಗೆ ಬಂದು ಒಬ್ಬನೇ ಅಕ್ಕಿ ತೊಳೆಯುವಾಗ ನಿಮ್ಮವನು. ಈ ಬೇಸರ ಹೋಗುವಂಥದಲ್ಲ, ಒಗ್ಗಿಕೊಂಡಿದ್ದೇನೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಹೋದ ತಿಂಗಳು ರಜೆಯ ಮೇಲೆ ಬಂದಾಗ ನೀವು ಪ್ರೀತಿಯಿಂದ ನನ್ನನ್ನು ನಮ್ಮ ದೇವಾಲಯದಲ್ಲಿ ಬೋಧಿಸಲು ಕರೆದಿರಿ. ನಾನು ಆರಂಭಿಸಿ, ಅಭ್ಯಾಸದಂತೆ ಅರ್ಧಕ್ಕೆ ನಿಲ್ಲಿಸಿದೆ. ನೀವು ಮರ್ಯಾದಸ್ಥರು, ಉಸಿರು ಬಿಗಿಹಿಡಿದು ಕುಳಿತಿರಿ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ದೀಕ್ಷಾಸ್ನಾನ ಪಡೆದು ಬೆಳೆದ ದೇವಾಲಯದಲ್ಲಿ ನಿಂತು ನನ್ನಷ್ಟು ಒಂಟಿ ಯಾರೂ ಇಲ್ಲ ಅನಿಸಿತು. ಆಮೇಲೆ ನಿಮ್ಮಲ್ಲಿ ಒಬ್ಬರು ಟಾನಿಕ್ ತಂದುಕೊಟ್ಟಿರಿ, ಇಬ್ಬರು ನನ್ನ ಆರೋಗ್ಯಕ್ಕಾಗಿ ಪ್ರಾರ್ಥಿಸಿದಿರಿ. ಉಪಕಾರವಾಯಿತು. ಆದರೆ ಪ್ರಿಯರೇ, ಆಗ ನನಗೆ ಕಾಯಿಲೆಯೇನೂ ಆಗಿರಲಿಲ್ಲ. ಕಾಯುತ್ತಿದ್ದೆ, ಅಷ್ಟೇ.

ನನ್ನ ಅಮ್ಮ ಎರಡನೆಯ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತಿದ್ದಳು. ಅವಳಿಗೆ ಓದು ಬರದು. ಈ ಹೂಂ ಅನ್ನುವವರ ಸುದ್ದಿಯೇ ತುಂಬಿದ್ದ ನನ್ನ ಹತ್ತು ವರ್ಷದ ಕಾಗದಗಳನ್ನೆಲ್ಲ ಅಕ್ಕನಿಂದ ಓದಿಸಿ ಕೇಳಿದವಳು. ಆ ನಿಶ್ಶಬ್ದದಲ್ಲಿ ಅವಳು ಸಣ್ಣಗೆ “ಹೂಂ” ಎಂದಳು. ನೀವೆಲ್ಲ ತಿರುಗಿ ಅವಳನ್ನು ನೋಡಿದಿರಿ. ಪಾಪ, ಅವಳು ನಾಚಿಕೊಂಡು ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಮುದುಕಿಗೆ ದೇವಾಲಯದ ರೀತಿ ಮರೆತುಹೋಗಿದೆ ಎಂದುಕೊಳ್ಳಬೇಡಿ. ಅವಳು ಆ ಒಂದು ಹೂಂ ಅನ್ನುವಷ್ಟರಲ್ಲಿ ನನಗೆ ಉಸಿರು ಬಂದಿತ್ತು.