ಅಮಾವಾಸ್ಯೆಯ ಆರು ಫಾರ್ಮುಗಳು

ನದಾಫ ಸರ್ ಎದುರು ‘ಇವತ್ತು ಬಿಸಿಲು ಜಾಸ್ತಿ’ ಎನ್ನುವುದೂ ಅಪಾಯವಾಗಿತ್ತು. ಕನ್ನಡಕವನ್ನು ಹಣೆಗೆ ಏರಿಸಿ, ‘ಯಾವ ದಿನಕ್ಕಿಂತ ಜಾಸ್ತಿ? ಯಾರು ಹೇಳಿದ್ರು? ಎಲ್ಲಿ ಬರದಾರ?’ ಎಂದು ಕೇಳುತ್ತಿದ್ದರು. ಬಾಗಲಕೋಟೆಯ ಬಿಸಿಲಿಗೂ ಸಾಕ್ಷಿ ಬೇಕೆನ್ನುವ ಮನುಷ್ಯ ಅವರೊಬ್ಬರೇ. ನಾನು ಎಂ.ಎಸ್.ಡಬ್ಲ್ಯು. ಓದುವಾಗ ಅವರು ನಮಗೆ ಸಂಶೋಧನಾ ವಿಧಾನ ಕಲಿಸುತ್ತಿದ್ದರು. ಹುನಗುಂದದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ನನಗೆ ಮೊದಲ ತಾಸಿಗೇ ಅವರ ಪಾಠ. ನನ್ನ ಹಣೆಬರಹ.

ಮನೆಗೆ ಬಂದ ಮದುವೆ ಆಮಂತ್ರಣಗಳನ್ನೆಲ್ಲ ಕತ್ತರಿಸಿ ಅವರು ಚೀಟಿ ಮಾಡಿಟ್ಟುಕೊಳ್ಳುತ್ತಿದ್ದರು. ಒಂದು ಬದಿಗೆ ಯಾರದೋ ಮಗಳ ಹೆಸರು, ಇನ್ನೊಂದು ಬದಿಗೆ ಪುಸ್ತಕದ ಲೇಖಕ, ಪ್ರಕಟವಾದ ವರ್ಷ, ಪುಟ ಸಂಖ್ಯೆ. ನಾವೂ ಹಾಗೇ ಬರೆದಿಡಬೇಕು. ಮೊಬೈಲಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲಿ ಇದೆಂಥ ಶಿಕ್ಷೆ ಎಂದು ನಾನು ಮೊದಲ ಅಸೈನ್‌ಮೆಂಟನ್ನು ಮೊಬೈಲ್ ನೋಡಿಯೇ ಇಳಿಸಿ ಕೊಟ್ಟೆ. ಅದು ಮರಳಿ ಬಂದಾಗ ನನ್ನ ಅಕ್ಷರಕ್ಕಿಂತ ಅವರ ಕೆಂಪು ಶಾಯಿಯೇ ಹೆಚ್ಚಿತ್ತು.

‘ರೇಣುಕಾ, ಮಂದಿ ಹೊಲದಾಗಿನ ಜ್ವಾಳ ಕೊಯ್ಕೊಂಡ್ ಬಂದೀ. ಹೊಲ ಯಾರದಂತನಾದ್ರೂ ಹೇಳವಾ,’ ಎಂದರು.

ಇಡೀ ವರ್ಗ ನಕ್ಕಿತು. ಅದನ್ನು ಮೂರು ಸಲ ಬರೆದೆ. ಮೂರನೆಯದರಲ್ಲಿ ಒಂದು ಪುಟ ಸಂಖ್ಯೆ ತಪ್ಪಿತ್ತು. ನಾಲ್ಕನೆಯ ಸಲವೂ ಬರೆಸಿದರು.

ಕೊನೆಯ ವರ್ಷ ಪ್ರಬಂಧಕ್ಕೆ ಅವರೇ ನನ್ನ ಮಾರ್ಗದರ್ಶಕರಾದರು. ಗುಳೇದಗುಡ್ಡದಲ್ಲಿ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಹೆಂಗಸರ ಆರೋಗ್ಯ ನನ್ನ ವಿಷಯ. ಮನೆಮನೆಗೆ ಹೋಗಿ ಐವತ್ತು ಜನರನ್ನು ಮಾತಾಡಿಸಿ ಫಾರ್ಮು ತುಂಬಬೇಕು. ನಲವತ್ನಾಲ್ಕು ಆಗುವಷ್ಟರಲ್ಲಿ ನನ್ನ ಚಪ್ಪಲಿಯೂ ಹರಿದಿತ್ತು, ತಾಳ್ಮೆಯೂ ಮುಗಿದಿತ್ತು. ಇಳಕಲ್ಲಿನ ಒಂದು ಸಂಸ್ಥೆಯಲ್ಲಿ ಕೆಲಸ ಖಾತ್ರಿಯಾಗಿತ್ತು, ಆದರೆ ಆ ಸಲವೇ ಪಾಸಾಗಬೇಕಿತ್ತು. ಉಳಿದ ಆರು ಫಾರ್ಮುಗಳನ್ನು ನಮ್ಮ ಅಡುಗೆಮನೆಯಲ್ಲಿ ಕೂತು ನಾನೇ ತುಂಬಿದೆ. ಆರೂ ಜನರಿಗೆ ಬೆನ್ನುನೋವು ಕೊಟ್ಟೆ. ಖರೆ ಕಾಣಲಿ ಎಂದು, ಮಾತಾಡುತ್ತಲೇ ಮಗ್ಗ ನೇಯುತ್ತಿದ್ದರು ಎಂದೂ ಬರೆದು, ಆರಕ್ಕೂ ಒಂದೇ ತಾರೀಖು ಹಾಕಿದೆ.

ಸರ್ ಆ ಆರನ್ನು ನೋಡಿದರು. ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಹಾಳೆ ತಿರುವಿದರು.

‘ಅವತ್ತ ಅಮಾಸಿ ಇತ್ತು. ಅಲ್ಲಿ ಅಮಾಸಿ ದಿನ ಮಗ್ಗ ಬಂದ್ ಇರ್ತಾವ. ನೀ ಯಾರ ಮನ್ಯಾಗ ನೇಯೂದು ನೋಡಿದಿ?’

‘ತಾರೀಖು ತಪ್ಪಿರಬೇಕ್ರಿ ಸರ್.’

‘ತಾರೀಖು ಬರೋಬ್ಬರಿ ಅದ. ಉಳದದ್ದು ಸುಳ್ಳು.’

ಇದು ವಿಭಾಗದ ಮುಖ್ಯಸ್ಥರ ಕಿವಿಗೆ ಬಿದ್ದರೆ ಪದವಿಯೂ ಇಲ್ಲ, ಕೆಲಸವೂ ಇಲ್ಲ. ಅಳುತ್ತ ನಿಂತೆ. ‘ಅಳೂದು ಆಮ್ಯಾಲೆ. ನಾಳಿ ಎಂಟಕ್ಕ ಬಸ್‌ಸ್ಟ್ಯಾಂಡಿಗೆ ಬಾ. ಆರು ಮನಿ ಅದಾವ,’ ಎಂದರು. ಪ್ರಬಂಧ ಸಲ್ಲಿಸಲು ಉಳಿದದ್ದು ನಾಲ್ಕೇ ದಿನ.

ಮರುದಿನ ಗುಳೇದಗುಡ್ಡದಲ್ಲಿ ಸರ್ ಪ್ರತಿ ಮನೆಯ ಹೊರಗೂ ಕಟ್ಟೆಯ ಮೇಲೆ ಕೂತರು, ಒಳಗೆ ಬರಲಿಲ್ಲ. ಐದನೆಯ ಮನೆಯ ಅಕ್ಕ ನನ್ನ ಬೆನ್ನುನೋವಿನ ಪ್ರಶ್ನೆ ಕೇಳಿ ನಕ್ಕಳು. ಆಮೇಲೆ ದನಿ ತಗ್ಗಿಸಿ, ‘ಬೆನ್ನು ಗಟ್ಟಿ ಅದ ಯವ್ವಾ. ಕಣ್ಣ ಮಂಜ ಆಗ್ಯಾವ. ಎಳಿ ಕೈಲೇ ಮುಟ್ಟಿ ನೋಡಿ ನೇಯ್ತೇನಿ. ಮಾಲಕರಿಗೆ ಗೊತ್ತಾದ್ರ ನೂಲು ಕೊಡೂದಿಲ್ಲ,’ ಎಂದಳು. ಅಡುಗೆಮನೆಯಲ್ಲಿ ಕೂತು ನಾನು ಹಂಚಿದ ಬೆನ್ನುನೋವು ನೆನಪಾಗಿ ನಾಚಿಕೆಯಾಯಿತು.

ಮರಳುವ ಬಸ್ಸಿನಲ್ಲಿ ಸರ್ ಆ ಫಾರ್ಮು ಓದಿದರು. ಪೆನ್ನು ತೆಗೆದು ಆಕೆಯ ಹೆಸರು, ಓಣಿ ಎರಡನ್ನೂ ಗಟ್ಟಿಯಾಗಿ ಹೊಡೆದುಹಾಕಿ ‘ನಲವತ್ತೊಂಬತ್ತು’ ಎಂದಷ್ಟೇ ಬರೆದರು. ನನಗೆ ತಲೆ ಕೆಟ್ಟುಹೋಯಿತು.

‘ಎರಡು ವರ್ಷ ಯಾರು ಹೇಳಿದ್ರು, ಯಾರು ಹೇಳಿದ್ರು ಅಂತ ನಮ್ಮ ಜೀವಾ ತಿಂದ್ರಿ. ಈಗ ನೀವ ಹೆಸರ ಹೊಡೀತೀರಲ್ರಿ ಸರ್?’

‘ಪುಸ್ತಕ ಬರದಾಂವ ತನ್ನ ಹೆಸರು ತಾನ ಹಾಕ್ಯಾನ. ಅದನ್ನ ನೀ ಮುಚ್ಚಿದ್ರ ಕಳವು. ಈಕಿ ನಿನ್ನ ನಂಬಿ ಹೇಳ್ಯಾಳ. ಇದನ್ನ ನೀ ತೆರದ್ರ ಈಕಿ ಹೊಟ್ಟಿ ಮ್ಯಾಲೆ ಹೊಡದಂಗ,’ ಎಂದು ಕಿಟಕಿ ಕಡೆ ತಿರುಗಿ ನಿದ್ದೆ ಹೋದರು.

ಪಾಸಾದೆ, ಇಳಕಲ್ಲಿಗೆ ಸೇರಿದೆ. ಅಲ್ಲಿಗಾದರೂ ಮುಗಿಯಬೇಕಿತ್ತಲ್ಲ? ಎರಡು ವರ್ಷದ ನಂತರ ಕ್ಷೇತ್ರಕಾರ್ಯಕ್ಕೆ ನಮ್ಮ ಕಚೇರಿಗೆ ಬಂದ ಹುಡುಗಿಯೊಬ್ಬಳು ನಗುತ್ತ, ‘ಅಕ್ಕಾರ, ನಮ್ಮ ಕಾಲೇಜಿನ್ಯಾಗ ಯಾರೋ ಒಬ್ರು ಅಮಾಸಿ ದಿನ ಮಗ್ಗ ನೇಯ್ಸಿದ್ರಂತ್ರಿ,’ ಎಂದಳು. ಸರ್ ಪ್ರತಿ ವರ್ಷ ಮೊದಲ ಪಾಠದಲ್ಲೇ ಈ ಕತೆ ಹೇಳುತ್ತಿದ್ದರಂತೆ. ಸಿಟ್ಟು ನೆತ್ತಿಗೇರಿ ಫೋನು ಹಚ್ಚಿದೆ. ‘ಸರ್, ನನ್ನ ಮರ್ಯಾದಿ ಯಾಕ ತೆಗೀತೀರಿ?’

‘ಹೆಸರ ಹೇಳೀನೇನು?’ ಎಂದು ಫೋನು ಇಟ್ಟೇಬಿಟ್ಟರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಗೆ ಹೋದೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ. ವಿಭಾಗದ ಮುಖ್ಯಸ್ಥರು ಮಾತಾಡುತ್ತ ಅದೇ ಕತೆಗೆ ಬಂದರು. ‘ಅದು ಯಾರಂತ ನಾ ಭಾಳ ಸಲ ಕೇಳಿದೆ. ನಿಮ್ಮ ಮ್ಯಾಲೆ ವಿಚಾರಣೆ ಮಾಡಬೇಕಾಗ್ತದ ಅಂತನೂ ಒಮ್ಮೆ ಅಂದೆ. ಮಾಡ್ರಿ ಅಂದ್ರು. ಬಾಯಿ ಬಿಡಲಿಲ್ಲ,’ ಎಂದರು.

ಅದು ನನಗೆ ಗೊತ್ತಿರಲಿಲ್ಲ. ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ! ಇನ್ನು ಜಗಳ ಮಾಡೋಣವೆಂದರೆ ಯಾರ ಜೊತೆ ಮಾಡಲಿ? ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಪದವಿ ಮರಳಿ ಕೇಳುವುದಿದ್ದರೆ ಕೇಳಲಿ ಎಂದುಕೊಂಡು ಎದ್ದು ಮುಂದೆ ಹೋದೆ. ಮೈಕು ಹಿಡಿದೆ.

‘ನನ್ನ ಹೆಸರು ರೇಣುಕಾ. ಆ ಆರು ಫಾರ್ಮು ತುಂಬಿದಾಕಿ ನಾನ್ರಿ.’